ನೂರ ಹದಿನೆಂಟನೆಯ ಪುಟ

ನಮ್ಮ ಶಾಲೆಯ ಲೈಬ್ರರಿ ಟೀಚರ್ ನಿವೃತ್ತರಾದ ದಿನ, ನಾಲ್ಕು ಮಾತಾಡಿ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಡ್ರಿಲ್ ಮೇಷ್ಟ್ರ ಗಂಟಲಿಗೆ ಮೈಕು ಬೇಕಿಲ್ಲವಲ್ಲ, ಹತ್ತು ನಿಮಿಷ ಮಾತಾಡಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಹೇಳಲೇಬೇಕಾಗಿದ್ದ ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡು ಬಂದು ಕುಳಿತೆ. ಅದು ಇನ್ನೂ ಗಂಟಲಲ್ಲೇ ಇದೆ. ಬರೆದಾದರೂ ಕಕ್ಕಿಬಿಡೋಣ ಎಂದು ಕುಳಿತಿದ್ದೇನೆ.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಗೆದ್ದಲಮ್ಮ. ಇಡೀ ದಿನ ಪುಸ್ತಕದೊಳಗೇ ಇರುತ್ತಾರೆ ಎಂದು. ಅವರಿಗೂ ಗೊತ್ತಿತ್ತು. ಒಮ್ಮೆ ನಾನೇ ಹಾಗೆ ಕರೆದು ರೇಗಿಸಿದಾಗ, "ಗೆದ್ದಲು ಪುಸ್ತಕ ತಿನ್ನುತ್ತೆ ಮೇಷ್ಟ್ರೇ, ಓದಲ್ಲ. ನಿಮಗಿಂತ ವಾಸಿ, ಮುಟ್ಟೋದಾದ್ರೂ ಮುಟ್ಟುತ್ತೆ" ಎಂದಿದ್ದರು. ನಾನು ಪುಸ್ತಕ ಓದುವವನಲ್ಲ. ಮೈದಾನದ ಬಿಸಿಲು ನೆತ್ತಿಗೇರಿದಾಗ ಫ್ಯಾನಿನ ಕೆಳಗೆ ಕೂರಲು ಲೈಬ್ರರಿಗೆ ಹೋಗುತ್ತಿದ್ದೆ. ಅದೇನು ದೊಡ್ಡ ಲೈಬ್ರರಿಯೂ ಅಲ್ಲ. ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಕೋಣೆ, ಆರು ಕಪಾಟು, ಒಂದೇ ಕಿಟಕಿ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ. ಹರಿದ ಪುಸ್ತಕಗಳನ್ನೆಲ್ಲ ಅವರೇ ಹೊಲಿದು ಅಂಟಿಸುತ್ತಿದ್ದರು. ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟಿನ ಸಿಪ್ಪೆ ಇರುತ್ತಿತ್ತು, ಮಾತಾಡುತ್ತಾ ಅದನ್ನು ಕೀಳುತ್ತಿದ್ದರು. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮಕ್ಕಳಿಲ್ಲದ ಕೊರಗು ನಿಮಗಿಲ್ಲವೇ ಎಂದು ಯಾರೋ ತಲೆಹರಟೆ ಕೇಳಿದ್ದಕ್ಕೆ, "ಆರುನೂರು ಇದಾವಲ್ಲ, ಸಾಲದಾ? ಮೂಗು ಒರೆಸಿ ಒರೆಸಿ ಸಾಕಾಗಿದೆ" ಎಂದು ಬಾಯಿ ಮುಚ್ಚಿಸಿದ್ದರು.

ಅವರಿಗೆ ಇದ್ದ ಒಂದೇ ಹುಚ್ಚು ಬೇಸಿಗೆ ರಜೆ. ಎಲ್ಲ ಮೇಷ್ಟ್ರುಗಳೂ ರಜೆಗೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರೆ ಇವರಿಗೆ ಅದು ಬರುತ್ತಿದ್ದಂತೆ ಜೀವ ಹಿಂಡಿದಂತಾಗುತ್ತಿತ್ತು. "ವರ್ಷವೆಲ್ಲ ಕಷ್ಟಪಟ್ಟು ಕಲಿಸಿದ್ದನ್ನ ಎರಡು ತಿಂಗಳಲ್ಲಿ ನೀರಿಗೆ ಹಾಕ್ಕೊಂಡ್ ಬರ್ತಾರೆ" ಎನ್ನುತ್ತಿದ್ದರು. ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಕೀಲಿಕೈ ಇಸಿದುಕೊಂಡು ರಜೆಯಲ್ಲೂ ಸೋಮವಾರ, ಗುರುವಾರ ಬೆಳಿಗ್ಗೆ ಲೈಬ್ರರಿ ತೆರೆಯುತ್ತಿದ್ದರು. ರಜೆಯಲ್ಲಿ ಹತ್ತು ಪುಸ್ತಕ ಓದಿದವರ ಹೆಸರನ್ನು ಶಾಲೆ ಶುರುವಾಗುವ ದಿನ ಸಭೆಯಲ್ಲಿ ಕೂಗಿ, ಅವರಿಗೆ ಬೇಕಾದ ಒಂದು ಪುಸ್ತಕವನ್ನು ಬಹುಮಾನವಾಗಿ ಕೊಡುತ್ತಿದ್ದರು. ಬಹುಮಾನದ ಆಸೆಗೆ ಮಕ್ಕಳು ಬಂದರು. ಬಂದವರಲ್ಲಿ ಅರ್ಧ ಜನ ಪುಸ್ತಕಗಳಿಗೆ ಊರು ತೋರಿಸಿ ಹಾಗೆಯೇ ವಾಪಸು ತಂದರು.

"ಓದಿದಾರೋ ಇಲ್ವೋ ಹೇಗೆ ಗೊತ್ತಾಗಬೇಕು ಮೇಷ್ಟ್ರೇ?" ಎಂದು ಅವರು ನನ್ನನ್ನು ಕೇಳಿದರು. ಕೇಳಬಾರದಿತ್ತು. ದೂರದ ಓಟದಲ್ಲಿ ಅಡ್ಡದಾರಿ ಹಿಡಿಯುವವರನ್ನು ಹಿಡಿಯಲು ನನ್ನದೊಂದು ಉಪಾಯವಿತ್ತು. ನೀರಿನ ಟ್ಯಾಂಕಿನ ಆಚೆ, ಕೊನೆಯ ತಿರುವಿನಲ್ಲಿ, ಪ್ರತಿಯೊಬ್ಬನ ಕೈಗೂ ಒಂದು ರಬ್ಬರ್ ಬ್ಯಾಂಡ್ ಹಾಕಿಸುತ್ತಿದ್ದೆ. ಬ್ಯಾಂಡ್ ಇಲ್ಲದೆ ಮೊದಲು ಬಂದವನು ಕಳ್ಳ. "ಪುಸ್ತಕದ ಕೊನೇ ತಿರುವಲ್ಲಿ ನೀವೂ ಏನಾದ್ರೂ ಇಡಿ" ಎಂದೆ. ಅವರು ಬೆರಳಗಲದ ಕಾಗದದ ಚೀಟಿ ಕತ್ತರಿಸಿ, ಪ್ರತಿ ಪುಸ್ತಕದ ಕೊನೆಯ ಭಾಗದಲ್ಲಿ ಒಂದೊಂದು ಪುಟಕ್ಕೆ ಸೇರಿಸಿ, ಪುಟದ ಸಂಖ್ಯೆಯನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಓದಿದವರು ಪುಟ ತಿರುಗಿಸಿದಾಗ ಚೀಟಿ ಬೀಳುತ್ತದೆ, ಇಲ್ಲವೇ ಜಾಗ ಬದಲಾಗುತ್ತದೆ. ಇಟ್ಟಲ್ಲೇ ಇದ್ದರೆ ಓದಿಲ್ಲ.

ಮೊದಲ ವರ್ಷವೇ ಹೆಡ್‌ಮಾಸ್ಟರ ಸ್ವಂತ ಮೊಮ್ಮಗ ಏಳು ಪುಸ್ತಕದ ಸಮೇತ ಸಿಕ್ಕಿಬಿದ್ದ. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನಂತೂ ದೊಡ್ಡ ಪತ್ತೇದಾರನಂತೆ ಮೀಸೆ ತಿರುವಿಕೊಂಡು ಓಡಾಡಿದೆ.

ಮರುವರ್ಷದ ಬೇಸಿಗೆಯಲ್ಲಿ ಏಳನೆಯ ಕ್ಲಾಸಿನ ಒಬ್ಬಳು ಹುಡುಗಿ ಬರತೊಡಗಿದಳು. ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಅವಳ ತಾಯಿ ನಾಲ್ಕೈದು ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದಳು, ರಜೆಯಲ್ಲಿ ಮಗಳೂ ಜೊತೆಗೆ ಹೋಗುತ್ತಿದ್ದಳು. ಕೆಲಸ ಮುಗಿಸಿ ನೇರವಾಗಿ ಲೈಬ್ರರಿಗೆ. ಒಂದು ಸಲಕ್ಕೆ ಮೂರು ಪುಸ್ತಕ ಕೇಳುತ್ತಿದ್ದಳು. ಟೀಚರಿಗೆ ಅವಳನ್ನು ಕಂಡರೆ ಎಲ್ಲಿಲ್ಲದ ಸಂಭ್ರಮ. "ನನಗೆ ಬೇಕಾಗಿದ್ದೋಳು ಸಿಕ್ಕಳು ಮೇಷ್ಟ್ರೇ. ಇವಳೊಬ್ಬಳು ಸಾಕು" ಎಂದರು. ಅವಳು ತಂದುಕೊಟ್ಟ ಪುಸ್ತಕಗಳನ್ನು ತೆರೆದೂ ನೋಡದೆ, ಬೇರೆಯಾಗಿ ಒಂದು ಮೂಲೆಯಲ್ಲಿ ಪೇರಿಸಿಡುತ್ತಿದ್ದರು. ಎರಡು ತಿಂಗಳಲ್ಲಿ ಇಪ್ಪತ್ತಮೂರಾಯಿತು.

ಶಾಲೆ ಶುರುವಾಗುವ ಹಿಂದಿನ ಸಂಜೆ, ಸುಮ್ಮನೆ ಲೆಕ್ಕಕ್ಕಿರಲಿ ಎಂದು ಅವನ್ನು ತೆರೆದರು. ಮೊದಲನೆಯದರಲ್ಲಿ ಚೀಟಿ ಇಟ್ಟ ಪುಟದಲ್ಲೇ ಇತ್ತು. ಎರಡನೆಯದರಲ್ಲೂ. ಇಪ್ಪತ್ತಮೂರರಲ್ಲೂ. ಒಂದು ಎಳೆಯಷ್ಟೂ ಕದಲಿರಲಿಲ್ಲ. ಟೀಚರ್ ಬೆರಳಿನ ಅಂಟು ಕೀಳತೊಡಗಿದರು. "ಓದದೇ ಇದ್ರೆ ಇರಲಿ. ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ಲಲ್ಲ" ಎಂದರು. "ಕರೆದು ಒಂದ್ಸಲ ವಿಚಾರಿಸ್ಲಾ?" ಎಂದೂ ಕೇಳಿದರು. ನಾನು ಬಿಡಲಿಲ್ಲ. "ಹೆಡ್‌ಮಾಸ್ಟರ ಮೊಮ್ಮಗನಿಗೊಂದು ನ್ಯಾಯ, ಇವಳಿಗೊಂದು ನ್ಯಾಯನಾ? ಒಂದ್ಸಲ ಬಿಟ್ರೆ ತಲೆ ಮೇಲೆ ಕೂತ್ಕೊತಾರೆ. ಎಲ್ಲರ ಮುಂದೆ ಕೇಳಿ" ಎಂದು ಗಿಣಿಗೆ ಹೇಳಿದಂತೆ ಹೇಳಿದೆ.

ಮಾರನೆಯ ದಿನ ಸಭೆಗೆ ಮುಂಚೆ, ನನ್ನ ಪದ್ಧತಿಯಂತೆ ಸಾಲಿನಲ್ಲಿ ಎಲ್ಲರ ಉಗುರು ನೋಡುತ್ತಾ ಬಂದೆ. ಆ ಹುಡುಗಿಯ ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದ ಮೂರು ಅಂಕಿ ಮಸುಕು ಮಸುಕಾಗಿ ಕಾಣುತ್ತಿತ್ತು. "ಏನಿದು, ನೂರ ಹದಿನೆಂಟು? ಲಾಟರಿ ನಂಬರಾ? ಇಲ್ಲ ಕಾಪಿ ಹೊಡಿಯೋಕೆ ಈಗ್ಲೇ ತಯಾರಿನಾ?" ಎಂದೆ. ಸಾಲಿಗೆ ಸಾಲೇ ನಕ್ಕಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಸೀಟಿ ಊದಿ ಮುಂದಕ್ಕೆ ಹೋದೆ.

ಸಭೆಯಲ್ಲಿ ಟೀಚರ್ ಅವಳನ್ನು ವೇದಿಕೆಗೆ ಕರೆದರು. ಬಹುಮಾನವೆಂದುಕೊಂಡು ಅವಳು ಲಂಗ ಸರಿಮಾಡಿಕೊಳ್ಳುತ್ತಾ ಓಡಿಬಂದಳು. ಟೀಚರ್ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಇದನ್ನೆಲ್ಲಾ ಓದಿದೀಯಾ?" ಎಂದು ಮೈಕಿನಲ್ಲಿ ಕೇಳಿದರು.

"ಓದಿದೀನಿ ಟೀಚರ್."

"ಹಾಗಾದ್ರೆ ಈ ಚೀಟಿ?"

"ಎಲ್ಲಾ ಇದಾವಲ್ಲ ಟೀಚರ್, ಒಂದೂ ಕಳೆದಿಲ್ಲ" ಎಂದಳು.

ಮಕ್ಕಳು ಹೋ ಎಂದು ನಕ್ಕರು. ನಾವು ಅದನ್ನು ಕೊಬ್ಬು ಎಂದುಕೊಂಡೆವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಎಷ್ಟೋ ಜನರನ್ನು ಕಂಡವನು ನಾನು. ಇವಳು ಮುಟ್ಟಿಕೊಳ್ಳಲಿಲ್ಲ, ಸುಮ್ಮನೆ ಟೀಚರ ಮುಖವನ್ನೇ ನೋಡಿದಳು. ಅದೂ ನನ್ನ ಮಂದ ತಲೆಗೆ ಹೊಳೆಯಲಿಲ್ಲ. "ಸುಳ್ಳು ಹೇಳೋ ಬಾಯಿಗೆ ಪುಸ್ತಕ ಯಾಕೆ?" ಎಂದು ಟೀಚರ್ ಅವಳನ್ನು ಕೆಳಗಿಳಿಸಿದರು. 'ಯಾವುದಾದ್ರೂ ಒಂದು ಕತೆ ಹೇಳು ನೋಡೋಣ' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಟೀಚರ್ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಶಾಲೆಯ ಗೋಡೆಯ ಮೇಲೇ ದೊಡ್ಡದಾಗಿ ಬರೆದಿತ್ತು, ಅದಕ್ಕೆ ಬಣ್ಣ ಹೊಡೆಸಿದವನೂ ನಾನೇ. ಅವತ್ತಿನಿಂದ ಆ ಹುಡುಗಿ ಲೈಬ್ರರಿಯ ಹೊಸ್ತಿಲು ತುಳಿಯಲಿಲ್ಲ.

ಎರಡು ವರ್ಷವಾಯಿತು. ಟೀಚರ್ ಮೇಲಿನ ಕಪಾಟಿಗೆ ಕೈ ಚಾಚಲು ಹೋಗಿ ಸ್ಟೂಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಅಕ್ಕನಿಗೆ ಮಂಡಿನೋವು, ಹಾಗಾಗಿ ಮನೆಗೆಲಸಕ್ಕೆ ಒಬ್ಬಾಕೆಯನ್ನು ಗೊತ್ತುಮಾಡಿಕೊಂಡಿದ್ದರು. ಒಂದು ಭಾನುವಾರ ನಾನು ನೋಡಲು ಹೋದಾಗ ಆಕೆ ಟೀಚರ ಮೇಜು ಒರೆಸುತ್ತಿದ್ದಳು. ಒಂದೊಂದೇ ಸಾಮಾನು ಎತ್ತಿ, ಅಡಿಯ ಧೂಳು ತೆಗೆದು, ಎಲ್ಲಿತ್ತೋ ಅಲ್ಲೇ ಇಡುತ್ತಿದ್ದಳು. ಓರೆಯಾಗಿ ಬಿದ್ದಿದ್ದ ಪೆನ್ಸಿಲ್ಲನ್ನು ಒರೆಸಿ ಮತ್ತೆ ಓರೆಯಾಗಿಯೇ ಇಟ್ಟಳು. ತೆರೆದು ಮಗುಚಿಟ್ಟಿದ್ದ ಪುಸ್ತಕವನ್ನು ಪುಟ ತಪ್ಪದಂತೆ ಬೆರಳಿಟ್ಟು ಎತ್ತಿ, ಹಾಗೆಯೇ ಮಗುಚಿದಳು. ನನಗೆ ನಗು ಬಂತು. "ಏನಮ್ಮಾ, ಉರಿದುಹೋದ ಬೆಂಕಿಕಡ್ಡಿಯನ್ನೂ ವಾಪಸು ಇಡ್ತೀಯಲ್ಲ!" ಎಂದೆ.

"ಇದ್ದದ್ದು ಇದ್ದ ಹಾಗೇ ಇರಬೇಕು ಸಾರ್. ನಾಲ್ಕು ಮನೆ ಕೆಲಸ ಮಾಡೋರು ನಾವು. ಒಂದು ಕಡ್ಡಿ ಆಚೀಚೆ ಆದ್ರೂ ಕೈ ಸರಿಯಿಲ್ಲ ಅಂತಾರೆ. ನನ್ನ ಮಗಳಿಗೂ ಅದೇ ಅಭ್ಯಾಸ" ಎಂದಳು. ಆಮೇಲೆ ಟೀಚರ ಕಡೆ ತಿರುಗಿ ನಕ್ಕಳು. "ನಿಮ್ಮ ಶಾಲೇಲೇ ಅಮ್ಮಾ ಅವಳು. ಆಗ ನಿಮ್ಮ ಪುಸ್ತಕ ತರ್ತಿದ್ಲಲ್ಲ, ಒಳಗೆ ಯಾರೋ ಗುರುತಿಗೆ ಚೀಟಿ ಇಟ್ಟಿರ್ತಿದ್ರಂತೆ. ಪಾಪ ಅವರ ಜಾಗ ತಪ್ಪಿಹೋಗುತ್ತೆ ಅಂತ ಮೊದಲು ಚೀಟಿ ತೆಗೆದು ಗೋಡೆಗೆ ಸಿಕ್ಕಿಸೋಳು, ಪುಟದ ನಂಬರು ಕೈ ಮೇಲೆ ಬರ್ಕೊಳ್ಳೋಳು. ಓದಿ ಮುಗಿಸಿ, ಕೈ ನೋಡ್ಕೊಂಡು ಅದೇ ಪುಟಕ್ಕೆ ಇಡೋಳು. ಸ್ನಾನ ಮಾಡು ಅಂದ್ರೆ ನಂಬರು ಅಳಿಸಿಹೋಗುತ್ತೆ ಅಂತ ಜಗಳ!"

ಆಕೆ ಒದ್ದೆ ಬಟ್ಟೆ ಹಿಂಡುತ್ತಾ ಸಹಜವಾಗಿ ಸೇರಿಸಿದಳು: "ಈಗೀಗ ಓದಲ್ಲ ಅಮ್ಮಾ. ಕೇಳಿದ್ರೆ ಕಣ್ಣು ನೋವು ಅಂತಾಳೆ." ಮಗಳು ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ.

ಆಕೆ ಅಡುಗೆಮನೆಗೆ ಹೋದಮೇಲೆ ಟೀಚರ್ ಎಡಗೈಯಲ್ಲಿ ಚೀಲ ತಡಕಿ ಆ ಪುಟ್ಟ ನೋಟ್‌ಬುಕ್ಕನ್ನು ತೆಗೆದು ನನ್ನ ಮುಂದೆ ಹಿಡಿದರು. ಆ ಬೇಸಿಗೆಯ ಹಾಳೆ ಹುಡುಕಿದೆ. ಅವಳು ಕೊನೆಗೆ ಒಯ್ದಿದ್ದ ಪುಸ್ತಕದ ಹೆಸರು, ಅದರ ಮುಂದೆ ನೂರ ಹದಿನೆಂಟು. ನನ್ನ ಲಾಟರಿ ಜೋಕು ನನ್ನ ಕಿವಿಯಲ್ಲೇ ಮೊಳಗಿತು. ಸಾಕ್ಷಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದಳಲ್ಲ, ನಾನು ಉಗುರು ನೋಡಿ ಬಂದಿದ್ದೆ. ಆ ಅಂಕಿಯನ್ನು ನಾನು ಅವತ್ತೇ ಕಂಡಿದ್ದೆನೆಂದು ಟೀಚರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ನಾನು ಈ ಇಡೀ ಬರಹದಲ್ಲಿ ಕಕ್ಕಬೇಕೆಂದಿದ್ದು ಇದನ್ನೇ.

"ಮನೆಗೆ ಹೋಗಿ ಮೆಲ್ಲಗೆ ಒಂದು ಮಾತು ಹೇಳಿಬಿಡಿ" ಎಂದು ಮಾತ್ರ ಸಲಹೆ ಕೊಟ್ಟೆ. ಸಲಹೆ ಕೊಡುವುದಕ್ಕೆ ನನ್ನ ಬಿಟ್ಟರಿಲ್ಲ.

"ಮೈಕಲ್ಲಿ ಕೆಡಿಸಿದ್ದನ್ನ ಕಿವೀಲಿ ಸರಿ ಮಾಡೋಕಾಗುತ್ತಾ?" ಎಂದರು ಟೀಚರ್.

ಮುಂದಿನ ಸೋಮವಾರದ ಸಭೆಯಲ್ಲಿ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಮೈಕಿನ ಮುಂದೆ ನಿಂತರು. ಒಂದನ್ನೂ ಮುಚ್ಚಿಡದೆ ಹೇಳಿದರು. "ತಪ್ಪು ನಂದು. ಓದಿದಾಳೋ ಅಂತ ಚೀಟೀನ ಕೇಳಿದೆ, ಅವಳನ್ನ ಕೇಳಲಿಲ್ಲ. ಕ್ಷಮಿಸು ಮಗಳೇ" ಎಂದರು. ಚೀಟಿಯ ಉಪಾಯ ಯಾರದೆಂದು ಮಾತ್ರ ಹೇಳಲಿಲ್ಲ. ನಾನು ಪಕ್ಕದಲ್ಲೇ ಸೀಟಿ ನೇತುಹಾಕಿಕೊಂಡು ಕಂಬದಂತೆ ನಿಂತಿದ್ದೆ. ಒಂದು ಹೆಜ್ಜೆ ಮುಂದಿಟ್ಟರೆ ಮೈಕು. ಇಡಲಿಲ್ಲ. ಮಕ್ಕಳು ನಾಟಕ ಮುಗಿಯಿತೆಂಬಂತೆ ಚಪ್ಪಾಳೆ ಹೊಡೆದರು. ಒಂಬತ್ತನೆಯ ಕ್ಲಾಸಿನ ಸಾಲಿನಲ್ಲಿ ಅವಳು ನೆಲ ನೋಡುತ್ತಿದ್ದಳು.

ಆ ಬೇಸಿಗೆಯಲ್ಲಿ ಟೀಚರ್ ಚೀಟಿ ಇಡುವುದನ್ನು ಬಿಟ್ಟರು. ಬಂದ ಮಗುವನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು, "ಏನಾಯ್ತು ಕತೇಲಿ?" ಎಂದು ಕೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಕಣ್ಣು ಬಾಗಿಲ ಕಡೆಗೇ. ನಾನೂ ಏನೋ ನೆಪ ಮಾಡಿಕೊಂಡು ಪ್ರತಿ ಸೋಮವಾರ, ಗುರುವಾರ ಹೋಗಿ ಕೂರುತ್ತಿದ್ದೆ. ಅವಳು ಒಂದು ಪುಸ್ತಕ ತೆಗೆದುಕೊಂಡು ಹೋಗಲಿ, ಒಂದೇ ಒಂದು ಸಾಕು ಎಂದು ಇಬ್ಬರಿಗೂ ಇತ್ತು, ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ ಅಷ್ಟೇ.

ರಜೆಯ ಕೊನೆಯ ಗುರುವಾರ ಬಂದಳು. ಎತ್ತರವಾಗಿದ್ದಳು. ಟೀಚರ್ ಎದ್ದು ನಿಂತೇಬಿಟ್ಟರು.

"ಅವತ್ತು ಕೇಳಲಿಲ್ವಲ್ಲ ಟೀಚರ್. ಈಗ ಕೇಳಿ" ಎಂದಳು.

"ಏನು ಕೇಳಲಿ?"

"ಕತೆ ಏನು ಅಂತ."

ಆ ಇಪ್ಪತ್ತಮೂರು ಪುಸ್ತಕಗಳು ಇನ್ನೂ ಬೇರೆಯಾಗಿ ಮೂಲೆಯಲ್ಲೇ ಇದ್ದವು. ಅವಳು ಅತ್ತ ನೋಡಲೂ ಇಲ್ಲ. ನಿಂತುಕೊಂಡೇ ಮೊದಲ ಪುಸ್ತಕದ ಕತೆ ಹೇಳಿದಳು. ಆಮೇಲೆ ಎರಡನೆಯದು. ಮೊದಮೊದಲು ಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು, ಐದಾರರ ಹೊತ್ತಿಗೆ ಕೈ ಆಡತೊಡಗಿತು, ಒಂದು ಕಡೆ ತಾನೇ ನಕ್ಕಳು. ಎರಡು ವರ್ಷ ಅವನ್ನೆಲ್ಲ ಒಂದೂ ಕದಲದಂತೆ ಇಟ್ಟುಕೊಂಡಿದ್ದಳು. ಹನ್ನೆರಡು ಗಂಟೆ ದಾಟಿತು. ಇಪ್ಪತ್ತಮೂರನೆಯ ಕತೆ ಮುಗಿದಾಗ ಟೀಚರ ಕನ್ನಡಕದ ಕೆಳಗೆ ಎರಡೂ ಕೆನ್ನೆ ಒದ್ದೆಯಾಗಿದ್ದವು. ಬಹುಮಾನಕ್ಕೆಂದು ಎರಡು ವರ್ಷದ ಹಿಂದೆ ತೆಗೆದಿಟ್ಟಿದ್ದ ಹೊಸ ಪುಸ್ತಕವನ್ನು ಮುಂದೆ ಚಾಚಿದರು.

"ಬೇಡ ಟೀಚರ್" ಎಂದಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಹೊಟ್ಟೆ ತುಂಬಿದವರು ಬೇಡ ಎನ್ನುತ್ತಾರಲ್ಲ, ಹಾಗಿತ್ತು.

ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದೆ. ಈಗಲಾದರೂ ಹೇಳಿಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಹತ್ತಿರ ಬಂದಳು. ನಾನು ಬಾಯಿ ತೆರೆಯುವ ಮುಂಚೆಯೇ, ಸಾಲಿನಲ್ಲಿ ನಿಂತಾಗ ಹಿಡಿಯುತ್ತಿದ್ದಂತೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ, ಮೆಲ್ಲಗೆ ಮಗುಚಿ, ಅಂಗೈ ತೋರಿಸಿದಳು.

"ನೋಡ್ಕೊಳ್ಳಿ ಸಾರ್. ಈಗ ಏನೂ ಬರ್ಕೊಳ್ಳಲ್ಲ."

ನೋಡಿದೆ. ಎರಡೂ ಅಂಗೈ ಖಾಲಿ ಇದ್ದವು.