ಬೋಣಿ ಆಗುವ ತನಕ

ಆ ಸಿನಿಮಾ ಹಾಕಿದ್ದು ನಾನೇ. ಶನಿವಾರ ಮಧ್ಯಾಹ್ನ ಊಟ ಮುಗಿದಿತ್ತು. ಗಂಡ ಸೋಫಾದ ಮೇಲೆ ತೂಕಡಿಸುತ್ತಿದ್ದ. ಮಾವನವರು "ಏನರ ಹಚ್ಚವಾ" ಅಂದರು. ಇಟಲಿಯ ಒಂದು ಶ್ರೀಮಂತ ಮನೆತನದ ಕಥೆ. ಚರ್ಮದ ಚೀಲ, ಬೂಟು, ರೇಷ್ಮೆ ಬಟ್ಟೆ ಮಾಡಿ ಲೋಕಕ್ಕೆಲ್ಲ ಹೆಸರಾದವರು. ಬಟ್ಟೆ ವ್ಯಾಪಾರದ ಮನೆಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಸಿನಿಮಾದಲ್ಲಿ ಹೊರಗಿನಿಂದ ಬಂದ ಸೊಸೆಯೊಬ್ಬಳು ಮನೆಯವರನ್ನೆಲ್ಲ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾಳೆ. ಕೊನೆಗೆ ತನ್ನನ್ನು ಬಿಟ್ಟುಹೋದ ಗಂಡನನ್ನೇ ಕೊಲ್ಲಿಸುತ್ತಾಳೆ. ಮಾವನವರು ಕಣ್ಣು ಕೀಳದೆ ನೋಡಿದರು, ಅರ್ಥವಾಗದ ಕಡೆ ನನ್ನಿಂದ ಹೇಳಿಸಿಕೊಂಡರು. ಮುಗಿದ ಮೇಲೆ ನನ್ನನ್ನು ಒಮ್ಮೆ ನೋಡಿದರು, ನಿದ್ದೆ ಹೋಗಿದ್ದ ಮಗನನ್ನು ಒಮ್ಮೆ ನೋಡಿದರು. "ಕಡೀಕ ಅಂಗಡಿ ಹೋತಲ್ಲವಾ" ಎಂದಷ್ಟೇ ಹೇಳಿ ಎದ್ದರು.

ನಾನೂ ಹೊರಗಿನಿಂದ ಬಂದ ಸೊಸೆಯೇ. ಇವರದು ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಮನೆ, ನನ್ನದು ಮೈಸೂರಿನ ಮೇಷ್ಟರ ಮನೆ. ಆದರೆ ಅಮೆರಿಕದ ಸನ್ನಿವೇಲ್‌ನಲ್ಲಿ ಇಳಕಲ್ ಸೀರೆ ಮಾರಬಹುದು ಎಂದು ಹೊರಟವಳು ನಾನು. ಮೊದಲು ಗ್ಯಾರೇಜಿನಲ್ಲಿ ಮಾರಿದೆ, ಆಮೇಲೆ ಟೈರ್ ಅಂಗಡಿಯ ಪಕ್ಕದಲ್ಲಿ ಮಳಿಗೆ ಬಾಡಿಗೆ ಹಿಡಿದೆ. ಕಾಗದಪತ್ರವೆಲ್ಲ ಗಂಡನ ಹೆಸರಿನಲ್ಲಿತ್ತು. ಗಂಡ ಹೆಂಡತಿಯ ನಡುವೆ ನಿನ್ನದು ನನ್ನದು ಏನು ಅಂದುಕೊಂಡಿದ್ದೆ.

ಆ ಸಿನಿಮಾ ನೋಡುವವರೆಗೆ ದಿನಾ ಬೆಳಿಗ್ಗೆ ನಾನೂ ಮಾವನವರೂ ಸೇರಿ ಅಂಗಡಿ ತೆಗೆಯುತ್ತಿದ್ದೆವು. ಬೋಣಿ ಮಾತ್ರ ನನ್ನ ಕೈಯಿಂದಲೇ ಆಗಬೇಕು. "ನಿನ್ನ ಕೈಗುಣ ಚಲೋ ಐತಿ" ಎಂದು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಿದ್ದರು. ಬೋಣಿಯ ಗಿರಾಕಿಯನ್ನು ಅವರು ಬರಿಗೈಯಲ್ಲಿ ಕಳಿಸಿದ್ದೇ ಇಲ್ಲ. ಕೇಳಿದ ಬಣ್ಣ ಇಲ್ಲದಿದ್ದರೆ ಒಂದು ರವಿಕೆ ಖಣವನ್ನಾದರೂ ಕೊಳ್ಳುವಂತೆ ಮಾಡಿ ಕಳಿಸುವವರು.

ಸಿನಿಮಾ ನೋಡಿದ ಮರುದಿನ ಕಾಫಿ ಕುಡಿಯುತ್ತ ಅವರು, "ನಾಳಿಂದ ಮುಂಜಾನೆ ನಾ ಒಬ್ಬನ ಹೋಗ್ತೀನಿ. ನೀ ಆರಾಮ ಬಾ" ಅಂದರು. ಗಂಡ ತಕ್ಷಣ, "ಆಫೀಸಿಗೆ ಹೋಗ್ತಾ ನಾನೇ ಡ್ರಾಪ್ ಮಾಡ್ತೀನಿ" ಅಂದ. ಕಸದ ಡಬ್ಬಿ ಹೊರಗಿಡಲು ನೂರು ಸಲ ಹೇಳಿಸಿಕೊಳ್ಳುವ ಮನುಷ್ಯ! ಆದರೆ ನನ್ನ ಕಣ್ಣೆಲ್ಲ ಮಾವನವರ ಮೇಲಿತ್ತು. ನನ್ನ ಕೈ ಇವರಿಗೆ ಬೇಡವಾಯಿತಲ್ಲ ಎಂದು ಸಂಕಟವಾಯಿತು.

ನಾನು ಹೋಗುವಷ್ಟರಲ್ಲಿ ಬೋಣಿ ಮುಗಿದಿರುತ್ತಿತ್ತು. ಮಾರಾಟವಾದ ಮಾಲು ನೋಡಿದರೆ ತಲೆ ಕೆಡುತ್ತಿತ್ತು. ಕಪಾಟಿನ ತಳದಲ್ಲಿ ಮಡಿಕೆಯ ಗೆರೆ ಬಿದ್ದು ಕೂತಿದ್ದ ಸಾಸಿವೆ ಬಣ್ಣದ ಇಳಕಲ್ ಸೀರೆ ಹೋಗಿತ್ತು. ಮರುದಿನ, ದೀಪಾವಳಿಗೆ ಬೆಲೆ ಇಳಿಸಿದರೂ ಯಾರೂ ಮೂಸಿ ನೋಡದ ಗಿಳಿಹಸಿರು ಸೀರೆ ಹೋಗಿತ್ತು. ಯಾರು ತಗೊಂಡರು ಅಂದರೆ "ಯಾರೋ ಬಂದಿದ್ರು" ಎಂಬ ಉತ್ತರ. ಕಸದ ಬುಟ್ಟಿಯಲ್ಲಿ ಕಾಗದದ ಕಾಫಿ ಲೋಟಗಳು. ಮಾವನವರು ಸ್ಟೀಲ್ ಲೋಟ ಬಿಟ್ಟು ಬೇರೆಯದರಲ್ಲಿ ಕುಡಿಯುವವರಲ್ಲ. ಕೌಂಟರಿನ ಮುಂದೆ ಒಂದು ಕುರ್ಚಿ ಎಳೆದಿಟ್ಟಿರುತ್ತಿತ್ತು. ಸೆಂಟಿನ ವಾಸನೆ ಬೇರೆ. ಮಾವನವರು ತಮ್ಮ ಕಡೆಯ ಯಾರನ್ನೋ ತಂದು ಕೂರಿಸಿ ವ್ಯಾಪಾರ ಕಲಿಸುತ್ತಿದ್ದಾರೆ, ಸೊಸೆಯನ್ನು ಮೆಲ್ಲಗೆ ಹೊರಗೆ ಹಾಕುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಮಗಳ ಹತ್ತಿರ ಹೇಳಿಕೊಂಡರೆ ಅವಳು, "ಅಮ್ಮಾ, ಇಟ್ಸ್ ಜಸ್ಟ್ ಎ ಮೂವಿ" ಎಂದು ಫೋನಿನಿಂದ ತಲೆ ಎತ್ತದೆ ಹೇಳಿದಳು.

ಒಂದು ಸಂಜೆ ಮಾವನವರು ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾವಾ, ಆ ಸಿನಿಮಾದ ಸೊಸೆ ಥರಾನೇ ನಾನೂ ಅಂತ ನಿಮಗೆ ಅನುಮಾನ ಬಂದಿದ್ಯಾ?"

ಅವರು ಸೊಪ್ಪಿನ ಕಟ್ಟು ಪಕ್ಕಕ್ಕಿಟ್ಟರು. "ಅನುಮಾನ ಬಂದೈತಿ. ಆದ್ರ ನಿನ್ನ ಮ್ಯಾಲಲ್ಲ. ಸಿನಿಮಾದಾಗ ನೀ ಆ ಹೆಣಮಗಳನ್ನ ನೋಡ್ಕೋತ ಕುಂತಿದ್ದಿ. ಅಂಗಡೀನ ಹೊರಗಿನವ್ರ ಕೈಯಾಗ ಕೊಟ್ಟಾಂವ ಯಾರು? ಮನೀ ಮಗ."

ನಾನು ಒಲೆ ಆರಿಸಿ ಅವರ ಎದುರು ಕೂತೆ.

"ನಿನ್ನ ಗಂಡ ಅಂಗಡಿ ಮಾರ್ತಾನಂತ. ಲಾಸ್ ಗ್ಯಾಟೋಸ್ ಊರ ಕಡೆಯಾಂವ ಒಬ್ಬಾಂವ ತಗೋತಾನ. ಫೋನ್ನಾಗ ಮಾತಾಡೂದು ನನ್ನ ಕಿವೀಗೆ ಬಿತ್ತು. ಬ್ಯಾಡೋ ಅಂದೆ, ಬಾಡಿಗಿ ಏರತೈತಿ, ಆಕೀಗೂ ಬೆನ್ನನೋವು ಅಂದ. ಹಂಗಾರ ಆಕಿ ಇಲ್ಲದಾಗ ಅವನ್ನ ನನ್ನ ಮುಂದ ಕರಕೊಂಡ ಬಾ ಅಂದೆ. ಬಂದ ಕೂಡ್ಲೆ, ಬೋಣಿ ಆಗೂತನಕ ಬ್ಯಾರೆ ಮಾತಿಲ್ಲ ಅಂತೀನಿ. ಪಾಪ, ಆಂವ ದಿನಾ ಒಂದು ಸೀರಿ ತಗೋತಾನ. ನಾನೂ ಒಂದೊಂದ ಸೀರಿ ಬಿಚ್ಚಿ ತೋರಸ್ಕೋತ ಹೊತ್ತು ಕಳೀತೀನಿ. ಅಷ್ಟ್ರಾಗ ನಿನ್ನ ಗಂಡಗ ಆಫೀಸಿನ ಮೀಟಿಂಗು, ಮಾರೂ ಮಾತು ಮರುದಿನಕ್ಕ."

"ನಂಗ್ಯಾಕೆ ಹೇಳ್ಲಿಲ್ಲ?"

"ತಾನ ಬಂದು ನಿನಗ ಹೇಳ್ಲಿ ಅಂತ ಕಾದೆ. ನನ್ನ ಮಗ ಅಲ್ಲೇನು."

ಮೈಯೆಲ್ಲ ಉರಿಯಿತು. ಇಷ್ಟು ದಿನ ಮುದುಕರ ಮೇಲೆ ಕಣ್ಣಿಟ್ಟಿದ್ದೆ; ಪಕ್ಕದಲ್ಲಿ ಮಲಗುವವನ ಮೇಲೆ ಒಂದು ಗಳಿಗೆಯೂ ಸಂಶಯ ಬಂದಿರಲಿಲ್ಲ. ನನ್ನ ಮುಖ ನೋಡಿ ಮಾವನವರಿಗೆ ಗಾಬರಿಯಾಗಿರಬೇಕು.

"ಸಿನಿಮಾದಾಕಿ ಗಂಡನ್ನ ಹೊಡಸ್ತಾಳ. ನೀ ಹಂಗೇನ ಮಾಡಬ್ಯಾಡವಾ. ನಾಳೆ ಬಂದು ಬೋಣಿ ಮಾಡು."

ಮರುದಿನ ವಾಕಿಂಗ್ ನೆಪ ಹೇಳಿ ಎಲ್ಲರಿಗಿಂತ ಮೊದಲು ಮನೆ ಬಿಟ್ಟೆ. ಗಂಡನ ಕಾರು ಬಂದಾಗ ಅಂಗಡಿಯ ಬಾಗಿಲು ತೆರೆದಿತ್ತು, ನಾನು ಕೌಂಟರಿನ ಹಿಂದಿದ್ದೆ. ಮಾವನವರು ಏನೂ ಗೊತ್ತಿಲ್ಲದವರಂತೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅವರ ಹಿಂದೆ ಗಂಡ, ಅವನ ಹಿಂದೆ ಸೆಂಟಿನ ವಾಸನೆಯ ಆ ಮನುಷ್ಯ. ನನ್ನನ್ನು ಕಂಡು ಗಂಡನ ಮುಖ ಬಿಳಿಚಿಕೊಂಡಿತು. ಆ ಮನುಷ್ಯನಿಗೆ ಪಾಪ ಅಭ್ಯಾಸವಾಗಿಬಿಟ್ಟಿತ್ತು, ಎದುರಿನ ಕುರ್ಚಿಯಲ್ಲಿ ಕೂತು ಸೀದಾ ಸೀರೆಯ ರಾಶಿಗೆ ಕೈ ಹಾಕಿದ. ಇವತ್ತು ನೀವಲ್ಲ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ ಗಂಡನ ಕಡೆ ತಿರುಗಿದೆ.

"ಬೋಣಿ ಆಗೋ ತನಕ ಬೇರೆ ಮಾತಿಲ್ಲ ರೀ. ಒಂದು ಸೀರೆ ತಗೊಳ್ಳಿ."

"ನಾನಾ? ಯಾರಿಗೆ?"

"ನಂಗೆ."

ಅವನು ಕಪಾಟಿನ ಮುಂದೆ ನಿಂತ. ಒಂದನ್ನು ಎಳೆದು ಒಳಗಿಟ್ಟ, ಇನ್ನೊಂದರ ಸೆರಗು ಮುಟ್ಟಿದ. ಹೆಂಡತಿಗೆ ಯಾವ ಬಣ್ಣ ಇಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅದು ಗೊತ್ತಿಲ್ಲವೆಂದು ಅವತ್ತೇ ಅವನಿಗೂ ಗೊತ್ತಾಗಿರಬೇಕು. ಆಫೀಸಿನ ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದರೂ ತೆಗೆಯಲಿಲ್ಲ. ಮಾವನವರು ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯಂತೂ ಇರಲಿಲ್ಲ.

"ನಂಗೆ ಗೊತ್ತಾಗ್ತಿಲ್ಲ ಕಣೆ," ಎಂದ ಕೊನೆಗೆ, ನೆಲ ನೋಡುತ್ತ. "ನಿಂಗೇನು ಬೇಕೋ ನೀನೇ ಹೇಳು."

"ಅಂಗಡಿ ಬೇಕು," ಅಂದೆ.

ಲಾಸ್ ಗ್ಯಾಟೋಸಿನವನಿಗೆ ಕನ್ನಡ ಬರುವುದಿಲ್ಲ. ಆದರೂ ಮೊದಲು ಕುರ್ಚಿ ಬಿಟ್ಟು ಎದ್ದವನು ಅವನೇ.