ದಾಂಡೇಲಿ ಬಸ್ಸಿನಲ್ಲಿ ಸಿಡಿದ ಜಂಬೆ ಕಾಯಿ

ಮಾರ್ಚ್ ಕೊನೆಯ ವಾರ ಬೆಳಿಗ್ಗೆ ಆರೂವರೆಗೆ ಧಾರವಾಡದಲ್ಲಿ ದಾಂಡೇಲಿ ಬಸ್ಸು ಹತ್ತಿದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಟಿಕೇಟು ನಾಲ್ಕು ರೂಪಾಯಿ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು ಹೊರಟಿದ್ದು ಜಂಬೆ ಮರದ ಬೀಜ ತರಲಿಕ್ಕೆ. ಕೇಳಿದವರು ನಕ್ಕರು, ನಗಲಿ.

ಅಪ್ಪ ರೈಲ್ವೆಯಲ್ಲಿದ್ದವರು. ಕ್ಯಾಸಲ್‌ರಾಕಿನ ಕಡೆ ಹಳಿಯ ಕೆಳಗೆ ಹಾಸುವ ಜಂಬೆ ತೊಲೆಗಳನ್ನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಎದೆನೋವು ಹಿಡಿಯಿತು. ಡಾಕ್ಟರು ನನ್ನನ್ನು ಬದಿಗೆ ಕರೆದು, ಈ ಮಳೆಗಾಲ ದಾಟಿದರೆ ದೊಡ್ಡದು ಎಂದಿದ್ದರು. ಆ ವಾರವೇ ಅಪ್ಪ ಮಲಗಿದಲ್ಲಿಂದ ಹೇಳಿದರು: “ಮೂವತ್ತು ವರ್ಷ ಜಂಬಿ ಹೆಣಾ ಬಡದೇನಿ ಮಗಳ. ಅದರ ಮೊಳಕಿ ಹೆಂಗಿರತೈತಿ ಅಂತ ಒಮ್ಮಿನೂ ನೋಡಿಲ್ಲ. ನೋಡಬೇಕು ಅನಸೈತಿ.” ಅವರು ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳಿದವರಲ್ಲ. ಬಿಸಿಲೇರಿದರೆ ಜಂಬೆ ಕಾಯಿ ಸಿಡಿದು ಬೀಜ ಇಲಿ ಅಳಿಲಿನ ಪಾಲು. ಮುಂದಿನ ಬೇಸಿಗೆಯವರೆಗೆ ಕಾಯುವ ಹಾಗಿರಲಿಲ್ಲ.

ಆ ದಿನ ದಾಂಡೇಲಿಯ ಪಕ್ಕದ ಅಂಬೇವಾಡಿಯಲ್ಲಿ ಅಪ್ಪನ ಹಳೆಯ ಜೊತೆಗಾರರ ಮನೆಯಲ್ಲಿ ಉಳಿದೆ. ಅವರು ಹೇಳಿದ ಗುರುತು ಹಿಡಿದು ಮರುದಿನ ಜೋಯಿಡಾ ಬಸ್ಸಿನಲ್ಲಿ ಹೋಗಿ ಅರ್ಧ ದಾರಿಯಲ್ಲೇ ಇಳಿದೆ. ಎರಡು ಮೈಲು ಕಾಡುದಾರಿ ನಡೆದರೆ ಸಿದ್ದಿಯರ ಐದಾರು ಮನೆ. ಅಂಗಳದಲ್ಲಿ ಭತ್ತ ಕೇರುತ್ತಿದ್ದ ಕತ್ರೀನಬಾಯಿ ನನ್ನ ಮಾತು ಕೇಳಿ ಮೊರ ಕೆಳಗಿಟ್ಟರು.

“ಕಾಯಿ ಎಲ್ಲಿ ಉಳದಾವ ಬಾಯಿ? ಎಂಟು ದಿನದಿಂದ ಪಟಾಕಿ ಹಾರಿದಂಗ ಹಾರ್ಯಾವ. ಇಲ್ಲಿ ಇರೂದ ಒಂದು ಮರ. ಡೊಂಕು ಐತಿ ಅಂತ ಬಿಟ್ಟಾರ, ನೆಟ್ಟಗಿದ್ದವೆಲ್ಲ ರೈಲಿನ ಕೆಳಗ ಹೋದವು.”

ಮರದ ಬುಡದಲ್ಲಿ ಸುರುಳಿ ಸುತ್ತಿದ ಖಾಲಿ ಸಿಪ್ಪೆಗಳಷ್ಟೇ ಬಿದ್ದಿದ್ದವು. ಅಲ್ಲೇ ಕುಳಿತು ಒಂದೊಂದನ್ನೇ ಹೆಕ್ಕಿ ನೋಡಿದೆ. ಅದನ್ನು ನೋಡಿ ಕತ್ರೀನಬಾಯಿ ಮನೆಯೊಳಗೆ ಹೋದರು. ನೀರಿನ ಕೊಡದ ಪಕ್ಕದಿಂದ ಒದ್ದೆ ಗೋಣಿತಟ್ಟಿನ ಗಂಟು ತಂದು ಬಿಚ್ಚಿದರು. ಒಳಗೆ ಇಪ್ಪತ್ತರಷ್ಟು ಕಂದು ಕಾಯಿ, ಒಂದೂ ಸಿಡಿದಿರಲಿಲ್ಲ.

“ಮೊಮ್ಮಕ್ಕಳಿಗೆ ಹುರದು ಕೊಡಾಕ ಇಟ್ಟಿದ್ದೆ. ಅವರು ಹಲಸಿನ ಬೀಜ ತಿಂತಾರ, ಒಯ್ರಿ.” ಐದರ ನೋಟು ಹಿಡಿದರೆ ಕೈ ಹಿಂದೆ ಕಟ್ಟಿಕೊಂಡರು. “ಜಡ್ಡಿನವರ ಆಸಿಗೆ ರೊಕ್ಕ ತಗೋತಾರೇನು? ತಟ್ಟು ಮಾತ್ರ ಬಿಚ್ಚಬ್ಯಾಡ್ರಿ. ಕಾಯಿ ಕಾಯ್ದರ ಸಿಡೀತಾವ.” ಹಾಲಿಲ್ಲದ ಚಹಾ ಕುಡಿಸಿ, ರಸ್ತೆಯವರೆಗೂ ಬಂದು ಬಸ್ಸು ಹತ್ತಿಸಿದರು.

ನಾನು ಓದಿದವಳಲ್ಲವೇ! ದಾಂಡೇಲಿಯಲ್ಲಿ ಧಾರವಾಡದ ಬಸ್ಸು ಹತ್ತಿದಾಗ ತಟ್ಟಿನ ನೀರು ಪಕ್ಕದವರ ಧೋತರದ ಮೇಲೆ ತೊಟ್ಟಿಕ್ಕಿತು. ಹೇಗೂ ಒದ್ದೆಯಲ್ಲಿ ಬೀಜ ಕೊಳೆತೀತು ಎಂದುಕೊಂಡು ತಟ್ಟನ್ನು ಕಿಟಕಿಯಿಂದಾಚೆ ಎಸೆದು, ಕಾಯಿಗಳನ್ನು ಬಟ್ಟೆ ಚೀಲಕ್ಕೆ ಸುರಿದೆ. ಜನ ಕಿಕ್ಕಿರಿದಿದ್ದರು. ಕಂಡಕ್ಟರು ಚೀಲವನ್ನು ಇಸಿದುಕೊಂಡು ಡ್ರೈವರಿನ ಪಕ್ಕದ ಇಂಜಿನ್ ಮುಚ್ಚಳದ ಮೇಲಿಟ್ಟರು. ಆ ಮುಚ್ಚಳ ಕಾದ ಹಂಚಿನಂತಿತ್ತು.

ಹಳಿಯಾಳ ದಾಟಿದ ಮೇಲೆ ಢಮ್ ಎಂದಿತು. ಟೈರು ಹೋಯಿತೆಂದು ಡ್ರೈವರು ಬಸ್ಸು ನಿಲ್ಲಿಸಿದರು. ಕಂಡಕ್ಟರು ಇಳಿದು ನಾಲ್ಕೂ ಕಡೆ ಗಾಲಿ ಒದ್ದು ನೋಡುತ್ತಿದ್ದಾಗ ಒಳಗೆ ಮತ್ತೊಂದು ಸಿಡಿಯಿತು, ಹಿಂದೆಯೇ ಸಾಲು ಸಾಲು. ಚೀಲದ ಬಾಯಿಂದ ಬೀಜ ಚಿಮ್ಮಿ ಒಬ್ಬ ಅಜ್ಜನ ತಲೆಯ ಪಟಗಕ್ಕೆ ಬಡಿಯಿತು. ಕೂಸುಗಳು ಅತ್ತವು, ಕೆಲವರು ಬಾಗಿಲಿಗೆ ನುಗ್ಗಿದರು.

ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪನ ಆಸೆಯನ್ನೂ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ಕಾಯುತ್ತಿದ್ದಾಗ, ಅಂಗಿಗೆಲ್ಲ ಗ್ರೀಸು ಮೆತ್ತಿಕೊಂಡಿದ್ದ ಹಳಿಯಾಳದ ಮೆಕ್ಯಾನಿಕ್ ಸಾಹೇಬರೊಬ್ಬರು ಎದ್ದರು.

“ಎಲ್ಲಾರೂ ಕಾಲು ಮ್ಯಾಲೆ ತಗೋರಿ. ತುಳದು ಒಡದೀರಿ.”

ಹಾಗೆಂದು ಸೀಟಿನ ಕೆಳಗೆ ಅಂಗಾತ ಮಲಗಿಯೇ ಬಿಟ್ಟರು. ಆಮೇಲೆ ಬಸ್ಸಿಗೆ ಬಸ್ಸೇ ಬಗ್ಗಿತು. ಹೆಂಗಸರು ಸೆರಗು ಕೊಡವಿದರು, ಪಟಗದ ಅಜ್ಜ ಪಟಗವನ್ನೇ ಬಿಚ್ಚಿ ಜಾಡಿಸಿದರು. “ಟೈಮ್ ಆಗೈತ್ರಿ” ಎನ್ನುತ್ತಲೇ ಕಂಡಕ್ಟರು ಟಿಕೇಟಿನ ಪೆಟ್ಟಿಗೆಯ ಸಂದಿಯಿಂದ ಎರಡು ಬೀಜ ತೆಗೆದುಕೊಟ್ಟರು. ಕೆಲವು ಒಡೆದಿದ್ದವು, ಆದರೂ ಕರವಸ್ತ್ರ ತುಂಬಿತು. ಧಾರವಾಡದಲ್ಲಿ ಎಲ್ಲರೂ ತಂತಮ್ಮ ದಾರಿ ಹಿಡಿದರು. ಯಾರ ಹೆಸರನ್ನೂ ಕೇಳದೆ ಹೋದೆನಲ್ಲ ಎಂದು ಇಂದಿಗೂ ನನಗೆ ಕಳವಳ. ಅವರ ಉಪಕಾರ ಮರೆತರೆ ನಾನು ಮನುಷ್ಯಳಲ್ಲ.

ಮನೆಗೆ ಬಂದವಳೇ ಬೀಜಗಳನ್ನು ಕುಂಡದಲ್ಲಿ ಊರಿದೆ. ಹನ್ನೊಂದನೆಯ ದಿನ ಮಣ್ಣು ಬಿರಿಯಿತು. ಕುಂಡವನ್ನೆತ್ತಿ ಅಪ್ಪನ ಹಾಸಿಗೆಯ ಬಳಿ ಹಿಡಿದೆ. ಬಹಳ ಹೊತ್ತು ನೋಡಿದರು, ಆಮೇಲೆ ಕಿರುಬೆರಳಿನಿಂದ ಮೊಳಕೆಯನ್ನು ಮುಟ್ಟಿದರು.

“ಇಷ್ಟು ಮೆತ್ತಗ ಇರತೈತೇನ ಮಗಳ?” ಎಂದು, ಅದಕ್ಕೆ ನೋವಾದೀತೆಂಬಂತೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.