ಸೋಮವಾರದ ಗಾಳ

ಆ ಬಾಳೆಮೀನು ಹಿಡಿದದ್ದು ನಾನು. ಹಾಗಂತ ಐವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ನೆನಪು ಸ್ಪಷ್ಟವಾಗಿಯೇ ಇದೆ: ಭದ್ರಾ ನದಿಯ ದಡ, ಕೈಯಲ್ಲಿ ಅಪ್ಪನ ಬಿದಿರು ಕೋಲು, ಬಿಲ್ಲಿನಂತೆ ಬಾಗಿದ ಅದರ ತುದಿ, ನನ್ನ ಮೈಮೇಲೆ ನೀಲಿ ಫ್ರಾಕು. ಅಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಕಾರಣ. ಆ ಫ್ರಾಕು ಆಗ ಅಕ್ಕನದು. ಅವಳಿಗೆ ಗಿಡ್ಡವಾದ ಮೇಲೆ ನನಗೆ ಬಂತು, ಮೀನಿನ ಕತೆಯೆಲ್ಲ ಮುಗಿದು ಎಷ್ಟೋ ಕಾಲವಾದ ಮೇಲೆ. ಅಂದರೆ ಫ್ರಾಕು ತಪ್ಪು. ಫ್ರಾಕು ತಪ್ಪಾದರೆ ಕೋಲು ಮಾತ್ರ ಸರಿ ಎಂದು ಹೇಗೆ ನಂಬಲಿ? ಇದನ್ನು ಅಕ್ಕನ ಮುಂದೆ ಮಾತ್ರ ಎಂದೂ ಬಾಯಿಬಿಟ್ಟಿರಲಿಲ್ಲ.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ನಮ್ಮದು ಶಿವಪೂಜೆ ತಪ್ಪಿಸದ ಮನೆ. ಮೀನಿನ ವಾಸನೆಗೂ ಹೊಸಿಲು ದಾಟುವ ಅಪ್ಪಣೆ ಇರಲಿಲ್ಲ. ಆದರೂ ಅಪ್ಪನಿಗೆ ಗಾಳದ ಹುಚ್ಚು. ಹಿಡಿದದ್ದನ್ನು ಕ್ವಾರ್ಟರ್ಸಿನ ಕೊನೆಯ ಮನೆಯ ತಮಿಳು ಅಮ್ಮನಿಗೆ ಕೊಟ್ಟು, ಹಿತ್ತಲ ನಲ್ಲಿಯಲ್ಲಿ ಮಿಂದು, ಒಳಗೆ ಬಂದು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಒಂದು ಮೀನನ್ನೂ ಅವರು ಬಾಯಿಗಿಟ್ಟವರಲ್ಲ. ಅಮ್ಮ ಇದನ್ನೆಲ್ಲ ಒಂದು ಷರತ್ತಿನ ಮೇಲೆ ಸಹಿಸಿಕೊಂಡಿದ್ದಳು: ಸೋಮವಾರ ಶಿವನ ದಿನ, ಅವತ್ತು ಮೀನಿನ ಬಾಯಿಗೆ ಕೊಕ್ಕೆ ಹಾಕಕೂಡದು.

ಒಂದು ವರ್ಷ ಅಪ್ಪನ ವಾರದ ರಜೆ ಸೋಮವಾರಕ್ಕೇ ಬಂದು ಬಿತ್ತು. ಅಪ್ಪ ಷರತ್ತು ಮುರಿಯಲಿಲ್ಲ. ಕೊಕ್ಕೆ ಬಿಚ್ಚಿ ಮನೆಯಲ್ಲೇ ಇಟ್ಟು, ಬರೀ ದಾರದ ತುದಿಗೆ ಹಿಟ್ಟಿನ ಉಂಡೆ ಕಟ್ಟಿ ನೀರಿಗೆ ಬಿಟ್ಟರು. ಹಿಟ್ಟು ಕರಗಿಹೋಗಬಾರದೆಂದು ಶೇಂಗಾ ಹಿಂಡಿಯ ಜೊತೆ ದೇವರಮನೆಯ ಬತ್ತಿಯ ಹತ್ತಿಯನ್ನೂ ಸೇರಿಸಿ ನಾದುತ್ತಿದ್ದರು. ಮೀನು ಬಂದು ಎಳೆಯುವುದು, ಬೆಂಡು ಮುಳುಗುವುದು, ಮೀನು ಬಿಟ್ಟು ಹೋಗುವುದು, ಬೆಂಡು ಮತ್ತೆ ಮೇಲೇಳುವುದು. ನಾವಿಬ್ಬರು ಹೆಣ್ಣುಮಕ್ಕಳು ಮಂಡಕ್ಕಿ ತಿನ್ನುತ್ತ ಅದನ್ನೇ ನೋಡುತ್ತಿದ್ದೆವು. ಗಾಳದ ಸುಖ ನನಗೆ ಹತ್ತಿದ್ದು ಏನೂ ಸಿಗದ ಆ ಸೋಮವಾರಗಳಲ್ಲಿ.

ಅಪ್ಪ ತಮ್ಮ ಕೋಲಿಗೆ ರೀಲನ್ನೂ ತಾವೇ ಮಾಡಿಕೊಂಡಿದ್ದರು. ಗುಜರಿಯಲ್ಲಿ ಕೊಂಡ ಹಿತ್ತಾಳೆಯನ್ನು ಪರಿಚಯದವರ ಲೇತಿನಲ್ಲಿ ತಿರುವಿ ಮಾಡಿದ್ದು. ಹಿಡಿಗೆ ಮುರಿದ ಬುಗುರಿಯ ತುಂಡು. ಸುತ್ತಿದರೆ ಜೀರುಂಡೆಯ ಸದ್ದು. ಅಪ್ಪ ಹೋದ ಮೇಲೆ ಅದು ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಅಕ್ಕನ ಮನೆಯ ಶೋಕೇಸು ಸೇರಿತು. ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಅದನ್ನು ಬಂಗಾರ ಮಾಡಿಟ್ಟಿದ್ದಳು. ನಾನು ಶಿವಮೊಗ್ಗದ ಕೋಟೆ ಏರಿಯಾದಲ್ಲಿ ಮನೆ ಮಾಡಿಕೊಂಡವಳು. ನಿವೃತ್ತಿಯಾದ ಮೇಲೆ ತುಂಗೆಯಲ್ಲಿ ಗಾಳ ಹಾಕುವುದೇ ಕೆಲಸ. ನನ್ನ ಹತ್ತಿರ ಕಾರ್ಬನ್ ರಾಡು, ಫೋನಿನಲ್ಲೇ ಆರ್ಡರ್ ಮಾಡಿ ತರಿಸಿದ ರೀಲು, ನೀರಲ್ಲಿ ಕುಪ್ಪಳಿಸುವ ರಬ್ಬರ್ ಕಪ್ಪೆ ಎಲ್ಲ ಇವೆ. ನನಗೆ ಬೇಕಾದದ್ದು ಆ ಶೋಕೇಸಿನಲ್ಲಿತ್ತು.

ಹೋದ ಬೇಸಿಗೆಯಲ್ಲಿ ಮತ್ತೆ ಕೇಳಿದೆ.

"ನೀನಂತೂ ಮೀನು ಹಿಡಿಯಲ್ಲ. ಆ ರೀಲು ನಂಗೆ ಕೊಡೆ."

"ಕೊಡ್ತೀನಿ. ಬಾಳೆಮೀನು ಹಿಡಿದಿದ್ದು ಅಕ್ಕ ಅಂತ ಒಪ್ಕೊ."

"ಸುಳ್ಳು ಹೇಳಿ ತಗೊಂಡು ಹೋಗ್ಲಾ?"

"ಸುಳ್ಳೆಲ್ಲಿ ಬಂತು ಮಾರಾಯ್ತಿ? ಅವತ್ತು ಸೋಮವಾರ. ಅಮ್ಮ ಉಪವಾಸ ಇದ್ಲು. ಕೋಲು ನನ್ನ ಕೈಲಿತ್ತು, ನೀನು ಮಂಡಕ್ಕಿ ಮುಕ್ತಾ ಇದ್ದೆ."

ಅವಳು ಸೋಮವಾರ ಎಂದದ್ದೇ ತಡ, ಹಿಡಿದುಕೊಂಡೆ. "ಸೋಮವಾರ ಆಗಿದ್ರೆ ಕೊಕ್ಕೇನೇ ಇರ್ಲಿಲ್ವಲ್ಲ. ನಿನ್ನ ಮುಖ ನೋಡಿ ಮೇಲೆ ಬಂತಾ ಮೀನು?"

ಅಕ್ಕ ಎದ್ದು ಶೋಕೇಸಿನ ಬೀಗ ತೆಗೆದಳು.

"ಹಾಕಿ ನೋಡಣ. ಬರೋ ಸೋಮವಾರ ಬಾ. ಕೊಕ್ಕೆ ಇಲ್ದೆ ಬಾಳೆಮೀನು ಬರ್ಲಿಲ್ಲ ಅಂದ್ರೆ ರೀಲು ನಿಂದು. ಬಂತು ಅಂದ್ರೆ ಈ ಜನ್ಮದಲ್ಲಿ ಇನ್ನು ಕೇಳಬಾರ್ದು."

ಗೆದ್ದೆ ಅಂದುಕೊಂಡು ಬಸ್ಸು ಹತ್ತಿದೆ. ಕೊಕ್ಕೆಯಿಲ್ಲದ ದಾರಕ್ಕೆ ಮೀನು ಯಾಕೆ ಬಂದೀತು?

ಸೋಮವಾರ ಬೆಳಿಗ್ಗೆ ಊರಾಚೆ, ನೀರು ಮಡುಗಟ್ಟಿ ನಿಲ್ಲುವ ಕಡೆ, ಒಬ್ಬರ ಹರಿಗೋಲು ಹತ್ತಿದೆವು. ಅಕ್ಕನಿಗೆ ಮಂಡಿನೋವು, ಅವಳನ್ನು ಆ ಚರ್ಮದ ಬುಟ್ಟಿಯೊಳಗೆ ಇಳಿಸುವುದೇ ಒಂದು ಸಾಹಸ. ಬಿದಿರು ಕೋಲಿಗೆ ಅಪ್ಪನ ರೀಲು ಕಟ್ಟಿ, ತುದಿಗೆ ಹತ್ತಿ ನಾದಿದ ಉಂಡೆ ಸಿಕ್ಕಿಸಿದೆ. ಹರಿಗೋಲಿನವರು ದಾರದ ತುದಿಯನ್ನು ಎರಡೆರಡು ಸಲ ನೋಡಿದರು.

"ಕೊಕ್ಕೇನೇ ಇಲ್ವಲ್ರೀ ಅಕ್ಕೋರೆ. ಮೀನಿಗೆ ಊಟ ಹಾಕಕ್ಕೆ ಬಂದ್ರಾ?"

"ನೀವು ಹುಟ್ಟು ಹಾಕ್ರೀ," ಎಂದಳು ಅಕ್ಕ. "ನಮ್ಮದು ಹಳೇ ಪಂಚಾಯ್ತಿ."

ಸರದಿಯ ಮೇಲೆ ಕೋಲು ಹಿಡಿದೆವು. ಅಕ್ಕನ ಸರದಿಯಲ್ಲಿ ಸಣ್ಣ ಮೀನುಗಳು ಹಿಟ್ಟು ಕಿತ್ತು ತಿಂದವು, ಅಷ್ಟೇ. ನನ್ನ ಸರದಿ ಬಂದಾಗ ಬಿಸಿಲೇರಿತ್ತು. ಅಕ್ಕ ನನಗೆ ಬೆನ್ನು ಹಾಕಿ ಕೂತು ಹರಿಗೋಲಿನವರಿಗೆ ಮಂಡಕ್ಕಿ ಹಂಚುತ್ತ, ಅವರ ಸೊಸೆಯ ಬಾಣಂತನದ ವಿಷಯ ವಿಚಾರಿಸುತ್ತಿದ್ದಳು. ಬೆಂಡು ಮುಳುಗಿತು. ಮತ್ತೆ ಏಳಲಿಲ್ಲ.

ಮೆಲ್ಲಗೆ ಸುತ್ತಿದೆ. ಹರಿಗೋಲಿನ ಅಂಚಿನ ಹತ್ತಿರ ಚಪ್ಪಟೆ ತಲೆಯೊಂದು ನೀರಿನಿಂದ ಮೇಲೆ ಬಂತು: ಅಗಲ ಬಾಯಿ, ಉದ್ದ ಮೀಸೆ, ಬಾಳೆಮೀನು. ಬಾಚಣಿಗೆಗೆ ಸಿಕ್ಕಿದ ಕೂದಲಿನ ಹಾಗೆ ಹತ್ತಿ ಅದರ ಸಣ್ಣ ಹಲ್ಲುಗಳಿಗೆ ಸಿಕ್ಕಿಕೊಂಡಿತ್ತು; ಆಸೆಬುರುಕ ತಾನಾಗಿ ಬಿಡಲೂ ಒಲ್ಲದು. ಕೋಲನ್ನು ಒಮ್ಮೆ ಅದುರಿಸಿದ್ದರೆ ಸಾಕಿತ್ತು. ಮೀನು ಹೋಗುತ್ತಿತ್ತು, ರೀಲು ನನ್ನದಾಗುತ್ತಿತ್ತು, ಅಕ್ಕನಿಗೆ ಬೆನ್ನ ಹಿಂದೆ ಆದದ್ದು ತಿಳಿಯುತ್ತಲೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬರೆಯುವಾಗ ಆ ಹೊತ್ತು ಉದ್ದವಾಗುತ್ತಿದೆ, ನಂಬಬೇಡಿ. ಎರಡು ಉಸಿರಿನಷ್ಟು ಇದ್ದೀತು.

"ಅಕ್ಕ, ಈ ಕಡೆ ತಿರುಗೆ," ಎಂದೆ.

ಅಕ್ಕ ಮಂಡಿನೋವು ಮರೆತು ಹಾಗೇ ಎದ್ದಳು. ಹರಿಗೋಲು ಗಿರ್ರನೆ ಒಂದು ಸುತ್ತು ಸುತ್ತಿತು.

"ಕೂತ್ಕೊಳ್ರೀ ಅಕ್ಕೋರೆ, ಮೂರು ಜನಾನೂ ಮೀನಾಗ್ತೀವಿ ಈಗ."

ಅವಳು ಕೂರಲಿಲ್ಲ, ನನ್ನ ಮೇಲೇ ಬಿದ್ದಳು. ಬಾಳೆಮೀನು ಅಲ್ಲಿಯತನಕ ನಮ್ಮನ್ನು ನೋಡಿ, ಬಾಯಿ ಕೊಡವಿ, ಬಾಲದಲ್ಲಿ ಇಬ್ಬರ ಮುಖಕ್ಕೂ ನೀರು ರಾಚಿ ಹೋಯಿತು. ಚೆಲ್ಲಿದ ಮಂಡಕ್ಕಿ ನದಿಯ ತುಂಬ ತೇಲಿತು. ಮೊದಲು ನಕ್ಕದ್ದು ನಾನೋ ಅಕ್ಕನೋ ಎಂಬ ಹೊಸ ಜಗಳಕ್ಕೆ ನಾನು ತಯಾರಿಲ್ಲ. ಹರಿಗೋಲಿನವರು ಹುಟ್ಟು ಕೆಳಗಿಟ್ಟು ಕಣ್ಣೊರೆಸಿಕೊಂಡದ್ದಂತೂ ನಿಜ.

"ಕಂಡ್ಯಾ? ಅವತ್ತೂ ಹೀಗೇ ಬಿಟ್ಟು ಹೋಯ್ತು," ಎಂದಳು ಅಕ್ಕ.

ನನ್ನ ನೆನಪಿನಲ್ಲಿ ಮೀನು ಬಿಟ್ಟು ಹೋಗಿರಲಿಲ್ಲ. ದಡದ ಮೇಲೆ ಬಿದ್ದಿತ್ತು, ತಮಿಳು ಅಮ್ಮ ಅದನ್ನು ಕೊಡದಲ್ಲಿ ಹಾಕಿಕೊಂಡು ಹೋಗಿದ್ದರು. ಎರಡು ಮೀನುಗಳಿದ್ದವು, ಒಂದು ಅವಳದು, ಒಂದು ನನ್ನದು ಎಂದುಬಿಟ್ಟರೆ ಇಬ್ಬರಿಗೂ ಸಮಾಧಾನ. ಅಷ್ಟು ಸಲೀಸಾಗಿರುವುದರಿಂದಲೇ ನಾನದನ್ನು ನಂಬುವುದಿಲ್ಲ.

"ಸೋತೆ ಕಣೆ," ಎಂದೆ. ಕೊಕ್ಕೆಯ ವಾದ ನೀರುಪಾಲಾಗಿತ್ತು. ನೀಲಿ ಫ್ರಾಕಿನ ವಿಷಯವನ್ನೂ ಅವತ್ತೇ ಹೇಳಿಬಿಟ್ಟೆ. ಅಕ್ಕ ತೃಪ್ತಿಯಿಂದ ತಲೆಯಾಡಿಸಿದಳು.

ಮನೆಯಲ್ಲಿ ರೀಲನ್ನು ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಶೋಕೇಸಿನಲ್ಲಿಟ್ಟು ಬೀಗ ಹಾಕಿದಳು. ನಾನು ಚೀಲ ಎತ್ತಿಕೊಂಡೆ.

"ಬರೋ ಸೋಮವಾರ ಎಷ್ಟು ಗಂಟೆ ಬಸ್ಸಿಗೆ ಬರ್ತೀಯ?"

"ಯಾಕೆ? ನೀನು ಗೆದ್ದಾಯ್ತಲ್ಲ."

"ಇವತ್ತು ಬಂದಿದ್ದು ನಿನ್ನ ಕೈಗೆ. ನನ್ನ ಕೈಗೆ ಒಂದು ಬರಬೇಡ್ವೇನೆ?"

ಅವತ್ತಿನಿಂದ ಸೋಮವಾರ ಶೋಕೇಸು ಖಾಲಿ. ಅಕ್ಕನ ಕೈಗೆ ಇನ್ನೂ ಬಾಳೆಮೀನು ಬಂದಿಲ್ಲ. ನನ್ನ ಸರದಿಯಲ್ಲಿ ನಾನೇ ರೀಲು ಸುತ್ತುತ್ತೇನೆ, ಅಪ್ಪನ ಜೀರುಂಡೆ ಕೂಗುತ್ತದೆ. ಹಿಟ್ಟು, ಹಿಂಡಿ ಅವಳದು. ಬತ್ತಿಯ ಹತ್ತಿಯನ್ನು ಕೋಟೆಯ ದೇವಸ್ಥಾನದ ಪಕ್ಕದ ಅಂಗಡಿಯಿಂದ ನಾನು ಒಯ್ಯುತ್ತೇನೆ. ವಾರವಾರವೂ ಅಷ್ಟು ಹತ್ತಿ ಕೊಳ್ಳುವ ನನ್ನನ್ನು ಆ ಅಂಗಡಿಯವರು ದೊಡ್ಡ ದೈವಭಕ್ತೆ ಎಂದೇ ತಿಳಿದಿದ್ದಾರೆ.